ಗೆಲುವಿನ ಮರೆಯಲ್ಲಿ ಉಳಿದ ನಾಟಕ

ಲಂಡನ್ನಿನ ಪಿಕಡಿಲಿ ಸರ್ಕಸ್ಸಿಗೆ ಹೊಂದಿಕೊಂಡಂತೆ ಜರ್ಮಿನ್ ಸ್ಟ್ರೀಟ್ ಇದೆ. ಅಲ್ಲಿ ಒಂದು ಕಟ್ಟಡದ ನೆಲಮಾಳಿಗೆಗೆ ಇಳಿದರೆ 70 ಆಸನಗಳ ಪುಟ್ಟ ರಂಗಮಂದಿರ. 2011ರ ಜನವರಿಯಲ್ಲಿ ಆ ನೆಲಮಾಳಿಗೆಯಲ್ಲಿ ಟೆರೆನ್ಸ್ ರ‍್ಯಾಟಿಗನ್ ಬರೆದ ‘ಲೆಸ್ ದ್ಯಾನ್ ಕೈಂಡ್’ ನಾಟಕದ ಮೊಟ್ಟಮೊದಲ ಪ್ರಯೋಗ ನಡೆಯಿತು. ನಿರ್ದೇಶಕರು ಏಡ್ರಿಯನ್ ಬ್ರೌನ್. ಅದು ರ‍್ಯಾಟಿಗನ್ ಹುಟ್ಟಿದ ನೂರನೆಯ ವರ್ಷ. ಅವರು ತೀರಿಕೊಂಡು 33 ವರ್ಷಗಳಾಗಿದ್ದವು. ನಾಟಕ ಬರೆದದ್ದಂತೂ 1944ರಲ್ಲಿ, ಎರಡನೇ ಮಹಾಯುದ್ಧ ಇನ್ನೂ ನಡೆಯುತ್ತಿದ್ದಾಗ.

ರ‍್ಯಾಟಿಗನ್ ತಮ್ಮ ಕಾಲದಲ್ಲಿ ಇಂಗ್ಲೆಂಡಿನ ಅತ್ಯಂತ ಜನಪ್ರಿಯ ನಾಟಕಕಾರರಲ್ಲಿ ಒಬ್ಬರು. ಅಂಥವರ ಒಂದು ಪೂರ್ಣ ನಾಟಕ ಅಷ್ಟು ವರ್ಷ ರಂಗವನ್ನೇ ಕಾಣದೆ ಉಳಿದದ್ದು ಹೇಗೆ? ಅದನ್ನು ಯಾರೂ ನಿಷೇಧಿಸಿರಲಿಲ್ಲ. ಅದು ಆಡಿ ಸೋತ ನಾಟಕವೂ ಅಲ್ಲ. ಅದೇ ಕತೆ, ಅದೇ ಪಾತ್ರಗಳು ಬೇರೆ ಹೆಸರಿನಲ್ಲಿ, ಬೇರೆ ಮೈಕಟ್ಟಿನಲ್ಲಿ ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಅಮೋಘವಾಗಿ ಗೆದ್ದುಬಿಟ್ಟಿದ್ದವು. ಗೆದ್ದ ರೂಪವೇ ನಾಟಕ ಎಂದು ಎಲ್ಲರೂ ಒಪ್ಪಿಕೊಂಡ ಮೇಲೆ ಮೊದಲ ರೂಪವನ್ನು ಹುಡುಕುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಈ ನಾಟಕದ ಆವಿಷ್ಕಾರದ ಕತೆಯನ್ನು ಹೇಳಬೇಕಾದರೆ ಅದು ಮರೆಯಾದ ಬಗೆಯಿಂದಲೇ ಶುರುಮಾಡಬೇಕು.

ಯುದ್ಧ ಆರಂಭವಾದಾಗ ರ‍್ಯಾಟಿಗನ್ನರಿಗೆ 28 ವರ್ಷ. 1936ರಲ್ಲಿ ‘ಫ್ರೆಂಚ್ ವಿದೌಟ್ ಟಿಯರ್ಸ್’ ಎಂಬ ಹಾಸ್ಯನಾಟಕ ಸಾವಿರಕ್ಕೂ ಮೀರಿ ಪ್ರಯೋಗ ಕಂಡು ಅವರಿಗೆ ಹೆಸರನ್ನೂ ಹಣವನ್ನೂ ತಂದಿತ್ತು. ಆದರೆ ಆಮೇಲೆ ಲೇಖನಿ ಓಡಲಿಲ್ಲ. 1939ರಲ್ಲಿ ಬಂದ ‘ಆಫ್ಟರ್ ದ ಡ್ಯಾನ್ಸ್’ 60 ಪ್ರಯೋಗಗಳಿಗೇ ನಿಂತುಹೋಯಿತು. ಬರೆಯಲಾರದೆ ಒದ್ದಾಡುತ್ತಿದ್ದ ಅವರಿಗೆ ಸೇನೆ ಸೇರುವಂತೆ ಸೂಚಿಸಿದ್ದು ಒಬ್ಬ ಮನೋವೈದ್ಯರು. ರ‍್ಯಾಟಿಗನ್ ವಾಯುಪಡೆಗೆ ಸೇರಿದರು, ವಿಮಾನದಲ್ಲಿ ವೈರ್‌ಲೆಸ್ ನೋಡಿಕೊಳ್ಳುವ, ಬಂದೂಕು ಹಿಡಿಯುವ ಕೆಲಸಕ್ಕೆ. ಆ ಔಷಧ ಫಲಿಸಿತು. ಪಶ್ಚಿಮ ಆಫ್ರಿಕಾಕ್ಕೆ ಹಾರುತ್ತಿದ್ದಾಗ ವಿಮಾನದ ಎಂಜಿನ್ ಕೆಟ್ಟಿತು, ಭಾರ ಇಳಿಸಲು ಸಾಮಾನು ಸರಂಜಾಮನ್ನೆಲ್ಲ ಕೆಳಗೆ ಎಸೆಯಬೇಕಾಯಿತು. ರ‍್ಯಾಟಿಗನ್ ತಾವು ಬರೆಯುತ್ತಿದ್ದ ನಾಟಕದ ನೋಟ್‌ಪುಸ್ತಕದ ಗಟ್ಟಿ ರಟ್ಟನ್ನು ಕಿತ್ತೆಸೆದು ಹಾಳೆಗಳನ್ನು ಮಾತ್ರ ಉಳಿಸಿಕೊಂಡರು. ಆ ಹಾಳೆಗಳೇ ‘ಫ್ಲೇರ್ ಪಾತ್’. 1942ರ ಆಗಸ್ಟಿನಲ್ಲಿ ಷಾಫ್ಟ್ಸ್‌ಬರಿ ಅವೆನ್ಯೂದ ಅಪೋಲೋ ರಂಗಮಂದಿರದಲ್ಲಿ ತೆರೆಕಂಡ ಆ ನಾಟಕ 679 ಪ್ರಯೋಗ ನಡೆಯಿತು. 1943ರ ಕ್ರಿಸ್ಮಸ್ ಹಿಂದಿನ ದಿನ ಅದೇ ಬೀದಿಯ ಗ್ಲೋಬ್‌ನಲ್ಲಿ ಶುರುವಾದ ‘ವೈಲ್ ದ ಸನ್ ಷೈನ್ಸ್’ 1,154 ಪ್ರಯೋಗ ದಾಟಿತು. ಬಾಂಬು ಬೀಳುವ ಊರಿನಲ್ಲಿ ಪ್ರತಿ ರಾತ್ರಿ ಜನರನ್ನು ನಗಿಸಬಲ್ಲ ಬರಹಗಾರ ಎಂಬ ಕೀರ್ತಿ ಅವರದಾಯಿತು.

ಆದರೆ ನಗಿಸುವುದಷ್ಟೇ ಅವರ ಆಸೆಯಾಗಿರಲಿಲ್ಲ. 1944ರಲ್ಲಿ ಅವರು ನಟಿ ಗರ್ಟ್ರೂಡ್ ಲಾರೆನ್ಸ್‌ರನ್ನು ಮನಸ್ಸಿನಲ್ಲಿಟ್ಟುಕೊಂಡು ‘ಲೆಸ್ ದ್ಯಾನ್ ಕೈಂಡ್’ ಬರೆದರು. ಕತೆಯ ನಡುವೆ ಇರುವವಳು ಒಲಿವಿಯಾ ಬ್ರೌನ್, ದಂತವೈದ್ಯನೊಬ್ಬನ ವಿಧವೆ. ಈಗ ಅವಳು ವೆಸ್ಟ್‌ಮಿನ್‌ಸ್ಟರ್‌ನ ಸಿರಿವಂತ ಮನೆಯಲ್ಲಿ ಸರ್ ಜಾನ್ ಫ್ಲೆಚರ್ ಜೊತೆ ಬಾಳುತ್ತಿದ್ದಾಳೆ. ಸರ್ ಜಾನ್ ಕೆನಡಾ ಮೂಲದ ದೊಡ್ಡ ಉದ್ಯಮಿ, ಯುದ್ಧಕಾಲದ ಸಂಪುಟದಲ್ಲಿ ಟ್ಯಾಂಕುಗಳ ತಯಾರಿಕೆಯ ಹೊಣೆ ಹೊತ್ತ ಮಂತ್ರಿ. ಅವನಿಗೆ ಹೆಂಡತಿ ಇದ್ದಾಳೆ, ದೂರವಾಗಿದ್ದಾಳೆ, ವಿಚ್ಛೇದನ ಇನ್ನೂ ಆಗಿಲ್ಲ. ಯುದ್ಧದ ಆರಂಭದಲ್ಲಿ ಕೆನಡಾಕ್ಕೆ ಕಳುಹಿಸಿದ್ದ ಒಲಿವಿಯಾಳ ಮಗ ಮೈಕಲ್ ಈಗ ಮರಳಿ ಬರುತ್ತಾನೆ. ಅವನಿಗೆ ಹದಿನೆಂಟು ಹತ್ತಿರವಾಗಿದೆ. ತಲೆ ತುಂಬ ಸಮಾಜವಾದ. ತಾಯಿ ಬಂಡವಾಳಗಾರನೊಬ್ಬನ ಮನೆಯಲ್ಲಿ, ಮದುವೆಯಾಗದೆ, ಸುಖವಾಗಿರುವುದನ್ನು ಕಂಡು ಅವನು ಉರಿದುಬೀಳುತ್ತಾನೆ. ಮಗನಿಗಾಗಿ ಒಲಿವಿಯಾ ಆ ಮನೆ ಬಿಟ್ಟು ಬ್ಯಾರನ್ಸ್ ಕೋರ್ಟ್‌ನ ಬಡಪಾಯಿ ಬಾಡಿಗೆ ಮನೆಗೆ ಹೋಗುತ್ತಾಳೆ. ಮೂವರೂ ಒಬ್ಬರನ್ನೊಬ್ಬರು ಮತ್ತೆ ಗಳಿಸಿಕೊಳ್ಳುವುದು ಹೇಗೆ ಎಂಬುದು ಉಳಿದ ನಾಟಕ.

ತಂದೆ ಇಲ್ಲದ ಮಗ, ಇನ್ನೊಬ್ಬನ ಜೊತೆಗಿರುವ ತಾಯಿ, ಕಪ್ಪು ಮುಖ ಮಾಡಿಕೊಂಡು ಮನೆಯೊಳಗೆ ಸುಳಿದಾಡುವ ತರುಣ: ಹ್ಯಾಮ್ಲೆಟ್ಟನ ನೆರಳು ಇಲ್ಲಿ ಸ್ಪಷ್ಟ. ಆ ಡೆನ್ಮಾರ್ಕಿನ ರಾಜಕುಮಾರನನ್ನು ಕುವೆಂಪು ‘ರಕ್ತಾಕ್ಷಿ’ಯಲ್ಲಿ ಬಿದನೂರಿನ ಅರಮನೆಗೆ ತಂದದ್ದು ಕನ್ನಡಿಗರಿಗೆ ಗೊತ್ತು. ರ‍್ಯಾಟಿಗನ್ ಅವನನ್ನು ಯುದ್ಧಕಾಲದ ಲಂಡನ್ನಿನ ದಿವಾನಖಾನೆಗೆ ತಂದರು. ನಾಟಕದ ಹೆಸರನ್ನೂ ಹ್ಯಾಮ್ಲೆಟ್ ರಂಗದ ಮೇಲೆ ಆಡುವ ಮೊದಲ ಮಾತಿನಿಂದಲೇ ಆಯ್ದುಕೊಂಡರು.

ಈ ಕತೆ ಆ ಕಾಲದ ಪ್ರೇಕ್ಷಕರಿಗೆ ಎಷ್ಟು ಹತ್ತಿರದ್ದು ಎಂಬುದನ್ನು ನೆನೆಯಬೇಕು. 1940ರಲ್ಲಿ ಜರ್ಮನ್ ದಾಳಿಯ ಭಯದಿಂದ ಸಾವಿರಾರು ಮಕ್ಕಳನ್ನು ಹೆತ್ತವರು ಕಡಲಾಚೆ ಕಳುಹಿಸಿದ್ದರು. ಸರ್ಕಾರದ ಯೋಜನೆಯೊಂದರಲ್ಲೇ 2,664 ಮಕ್ಕಳು ಹೋದರು, ಖಾಸಗಿಯಾಗಿ ಹೋದವರು ಇನ್ನೂ ಹೆಚ್ಚು. ಆ ವರ್ಷದ ಸೆಪ್ಟೆಂಬರ್ 17ರಂದು ‘ಸಿಟಿ ಆಫ್ ಬನಾರಸ್’ ಹಡಗನ್ನು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ಯೋಜನೆಯಡಿ ಅದರಲ್ಲಿದ್ದ 90 ಮಕ್ಕಳಲ್ಲಿ 77 ಮಂದಿ ಸತ್ತರು, ಸರ್ಕಾರ ಮಕ್ಕಳ ರವಾನೆಯನ್ನೇ ನಿಲ್ಲಿಸಿತು. ಮೊದಲೇ ತಲುಪಿದ್ದವರು ವರ್ಷಗಟ್ಟಲೆ ಅಲ್ಲೇ ಉಳಿದರು. ಹನ್ನೆರಡು ಹದಿಮೂರರಲ್ಲಿ ಹೋದವರು ಧ್ವನಿ ಒಡೆದು, ಮೀಸೆ ಮೊಳೆತು, ಬೇರೆ ದೇಶದ ಉಚ್ಚಾರ ಹೊತ್ತು ಮರಳುವ ಕಾಲ 1944ರ ಹೊತ್ತಿಗೆ ಬಂದಿತ್ತು. ಗುರುತು ಸಿಗದ ಮಗನ ಎದುರು ನಿಂತ ತಾಯಿ ನಾಟಕಕಾರ ಹೊಸೆದ ಕಲ್ಪನೆಯಷ್ಟೇ ಆಗಿರಲಿಲ್ಲ. ಸರ್ ಜಾನ್ ಕೂಡ ಹಾಗೆಯೇ. ಕೆನಡಾದಿಂದ ಬಂದು 1940ರಲ್ಲಿ ಚರ್ಚಿಲ್ ಸರ್ಕಾರದ ವಿಮಾನ ತಯಾರಿಕೆಯ ಮಂತ್ರಿಯಾದ ಪತ್ರಿಕೋದ್ಯಮಿ ಲಾರ್ಡ್ ಬೀವರ್‌ಬ್ರುಕ್ ಎಲ್ಲರ ಕಣ್ಣ ಮುಂದಿದ್ದರು. ಯುದ್ಧ ಮುಗಿದ ಮೇಲೆ ದೇಶ ಯಾರದಾಗಬೇಕು, ಉದ್ಯಮಪತಿಗಳದ್ದೋ ದುಡಿಯುವವರದ್ದೋ ಎಂಬ ಪ್ರಶ್ನೆ ಬೀದಿಬೀದಿಯಲ್ಲಿತ್ತು. ರ‍್ಯಾಟಿಗನ್ ಆ ಪ್ರಶ್ನೆಯನ್ನು ಒಂದು ಪ್ರೇಮಕತೆಯ ಒಳಗಿಟ್ಟರು.

ಗರ್ಟ್ರೂಡ್ ಲಾರೆನ್ಸ್ ನಾಟಕ ಬೇಡವೆಂದರು. ಆ ಒಂದು ನಿರಾಕರಣೆ ನಾಟಕದ ದಿಕ್ಕನ್ನೇ ಬದಲಿಸಿತು.

ಆಗ ಇಂಗ್ಲೆಂಡಿನಲ್ಲಿ ಆಲ್ಫ್ರೆಡ್ ಲಂಟ್ ಮತ್ತು ಲಿನ್ ಫಾಂಟಾನ್ ದಂಪತಿ ಇದ್ದರು. ಅಮೆರಿಕದ ರಂಗಭೂಮಿಯಲ್ಲಿ ಅವರಿಗೆ ಸಾಟಿಯಾದ ಜೋಡಿ ಇರಲಿಲ್ಲ. 1922ರಲ್ಲಿ ಮದುವೆಯಾದ ಇಬ್ಬರೂ ಜೊತೆಜೊತೆಯಾಗಿಯೇ ನಟಿಸುತ್ತ ಬಂದವರು. ಒಬ್ಬರ ಮಾತು ಮುಗಿಯುವ ಮುನ್ನವೇ ಇನ್ನೊಬ್ಬರು ಮಾತು ಎತ್ತಿಕೊಳ್ಳುವ, ಮನೆಯ ಮಾತುಕತೆಯಷ್ಟು ಸಹಜವಾದ ಶೈಲಿ ಅವರದ್ದು. ಲಿನ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ತವರು ಕಷ್ಟದಲ್ಲಿರುವಾಗ ಅಲ್ಲಿರಬೇಕೆಂದು ಇಬ್ಬರೂ ಸಮುದ್ರ ದಾಟಿ ಬಂದಿದ್ದರು. ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ಅವರು ಆಡುತ್ತಿದ್ದದ್ದು ರಾಬರ್ಟ್ ಷೆರ್ವುಡ್‌ರ ‘ದೇರ್ ಷಲ್ ಬಿ ನೋ ನೈಟ್’. ಅದೂ ತಿದ್ದಿ ಬದಲಿಸಿದ ನಾಟಕವೇ. ಮೂಲದಲ್ಲಿ ಅದು ರಷ್ಯಾದ ದಾಳಿಗೆ ಎದೆಯೊಡ್ಡಿದ ಫಿನ್‌ಲ್ಯಾಂಡಿನ ಕತೆ. ಲಂಡನ್ನಿಗೆ ಬರುವ ಹೊತ್ತಿಗೆ ರಷ್ಯಾ ಮಿತ್ರನಾಗಿ, ಫಿನ್‌ಲ್ಯಾಂಡ್ ಜರ್ಮನಿಯ ಪಕ್ಕಕ್ಕೆ ಸರಿದಿದ್ದರಿಂದ ಕತೆಯನ್ನು ಗ್ರೀಸಿಗೆ ಸಾಗಿಸಲಾಗಿತ್ತು. ಯುದ್ಧದ ಗಾಳಿ ತಿರುಗಿದಂತೆ ನಾಟಕವೂ ತಿರುಗುವುದು ಲಂಟ್ ದಂಪತಿಗೆ ಹೊಸತಾಗಿರಲಿಲ್ಲ. 1944ರ ಜೂನ್ 30ರಂದು ಆಲ್ಡ್‌ವಿಚ್ ಬೀದಿಗೆ ಬಡಿದ ಹಾರುಬಾಂಬು ಆ ಪ್ರಯೋಗಗಳಿಗೂ ತೆರೆ ಎಳೆಯಿತು.

ರ‍್ಯಾಟಿಗನ್ ತಮ್ಮ ಹಸ್ತಪ್ರತಿಯನ್ನು ಈ ದಂಪತಿಯ ಕೈಗಿಟ್ಟರು. ಅವರಿಗೆ ನಾಟಕ ಹಿಡಿಸಿತು, ಆದರೆ ಇದ್ದ ಹಾಗೆ ಅಲ್ಲ. ಮೊದಲ ರೂಪದಲ್ಲಿ ತೂಕವಿದ್ದದ್ದು ತಾಯಿ ಮಗನ ಸಂಬಂಧಕ್ಕೆ. ಸರ್ ಜಾನ್ ಅಲ್ಲಿ ಗಡುಸು ಮನುಷ್ಯ, ಎದುರಾಳಿ. ಆಲ್ಫ್ರೆಡ್ ಲಂಟ್ ಆ ಪಾತ್ರ ಮಾಡುವುದಾದರೆ ಅದು ಬೆಳೆಯಬೇಕಿತ್ತು, ಬೆಚ್ಚಗಾಗಬೇಕಿತ್ತು. ಲಂಟ್ ದಂಪತಿಯನ್ನು ನೋಡಲು ಬರುವವರು ನೋಡಬಯಸುವುದು ಅವರಿಬ್ಬರ ಪ್ರೇಮವನ್ನೇ ಅಲ್ಲವೆ! ರ‍್ಯಾಟಿಗನ್ ಮತ್ತೆ ಬರೆಯಲು ಕೂತರು. ಸರ್ ಜಾನ್‌ಗೆ ಚತುರೋಕ್ತಿಗಳು ಬಂದವು, ಅಸಹಾಯಕತೆ ಬಂತು, ಪ್ರೇಕ್ಷಕರ ಮಮತೆ ಗಳಿಸುವ ಗುಣಗಳೆಲ್ಲ ಬಂದವು. ಮೈಕಲ್‌ನ ಸಮಾಜವಾದ ಹರೆಯದ ಹುಡುಗನ ಹುಸಿ ಗಾಂಭೀರ್ಯವಾಗಿ, ನಗೆಯ ಸರಕಾಯಿತು. ಎರಡು ತತ್ತ್ವಗಳ ನಡುವೆ ಸಿಕ್ಕ ಹೆಂಗಸಿನ ಕತೆ, ತುಂಟ ಮಗನೊಬ್ಬ ಅಡ್ಡ ಬಂದ ಹಿರಿಯರ ಪ್ರೇಮಕತೆಯಾಯಿತು. ಹೆಸರೂ ‘ಲವ್ ಇನ್ ಐಡಲ್‌ನೆಸ್’ ಎಂದಾಯಿತು. ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನಲ್ಲಿ ಮಲಗಿದವರ ಕಣ್ಣಿಗೆ ರಸ ಹಿಂಡಿದರೆ ಎದುರಾದವರ ಮೇಲೆ ಮೋಹ ಹುಟ್ಟಿಸುವ ಹೂವಿನ ಹೆಸರದು. ದುರಂತದಿಂದ ಹಾಸ್ಯಕ್ಕೆ, ಎಲ್ಸಿನೋರಿನ ಕೋಟೆಯಿಂದ ಅಥೆನ್ಸಿನ ಕಾಡಿಗೆ ನಾಟಕ ವಲಸೆ ಹೋಗಿತ್ತು.

1944ರ ಡಿಸೆಂಬರ್ 20ರಂದು ಷಾಫ್ಟ್ಸ್‌ಬರಿ ಅವೆನ್ಯೂದ ಲಿರಿಕ್ ರಂಗಮಂದಿರದಲ್ಲಿ ‘ಲವ್ ಇನ್ ಐಡಲ್‌ನೆಸ್’ ತೆರೆಕಂಡಿತು. ಬೆಲ್ಜಿಯಮ್ಮಿನ ಆರ್ಡೆನ್ಸ್ ಕಾಡಿನಲ್ಲಿ ಜರ್ಮನ್ ಸೇನೆಯ ಕೊನೆಯ ದೊಡ್ಡ ದಾಳಿ ಶುರುವಾಗಿ ನಾಲ್ಕೇ ದಿನ ಕಳೆದಿತ್ತು. ಲಂಡನ್ನಿನ ಮೇಲೆ ವಿ-2 ರಾಕೆಟ್‌ಗಳು ಬೀಳುತ್ತಿದ್ದವು. ಶಬ್ದಕ್ಕಿಂತ ವೇಗವಾಗಿ ಬರುತ್ತಿದ್ದ ಅವುಗಳಿಗೆ ಸೈರನ್ ಊದಿ ಎಚ್ಚರಿಸಲು ಸಮಯವೇ ಇರುತ್ತಿರಲಿಲ್ಲ. ಹಿಂದಿನ ತಿಂಗಳಷ್ಟೇ ನ್ಯೂ ಕ್ರಾಸ್‌ನಲ್ಲಿ ಶನಿವಾರದ ಮಧ್ಯಾಹ್ನ ಅಂಗಡಿಯೊಂದರ ಮೇಲೆ ಬಿದ್ದ ರಾಕೆಟ್ 168 ಜನರನ್ನು ಕೊಂದಿತ್ತು. ಅಂಥ ಊರಿನಲ್ಲಿ ಜನ ಸಂಜೆ ಮನೆಯಿಂದ ಹೊರಟು ಟಿಕೆಟ್ ಕೊಂಡು ಲಂಟ್ ದಂಪತಿಯ ಸರಸ ನೋಡಿ ನಕ್ಕರು. ಆ ನಗುವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಾಗುವುದಿಲ್ಲ. ರ‍್ಯಾಟಿಗನ್ ತಮ್ಮ ಗಂಭೀರ ನಾಟಕವನ್ನು ತಾರೆಯರಿಗೆ ಮಾರಿಕೊಂಡರು ಎಂದು ದೂರುವುದು ಸುಲಭ. ಆದರೆ ಐದು ವರ್ಷ ಕತ್ತಲಲ್ಲಿ ಬಾಳಿದ ಊರಿಗೆ ಆ ರೂಪ ಕೊಟ್ಟ ನೆಮ್ಮದಿಯೂ ನಿಜವಾದದ್ದೇ. ಮದುವೆಯಾಗದ ಗಂಡುಹೆಣ್ಣು ಒಂದೇ ಸೂರಿನಡಿ ಬಾಳುವುದನ್ನು ತೀರ್ಪು ಕೊಡದೆ ತೋರಿಸಿದ್ದೂ ಸಣ್ಣ ಮಾತಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಪ್ರತಿ ನಾಟಕವೂ ಅರಮನೆಯ ಅಧಿಕಾರಿ ಲಾರ್ಡ್ ಚೇಂಬರ್ಲಿನ್‌ರ ಕಚೇರಿಯಿಂದ ಪರವಾನಗಿ ಪಡೆದೇ ರಂಗವೇರಬೇಕಿತ್ತು. ಆ ಕಟ್ಟು ಹರಿದದ್ದು 1968ರಲ್ಲಿ.

213 ಪ್ರಯೋಗಗಳ ಬಳಿಕ, 1945ರ ಬೇಸಿಗೆಯಲ್ಲಿ, ಜನ ಇನ್ನೂ ಬರುತ್ತಿದ್ದಾಗಲೇ ಲಂಟ್ ದಂಪತಿ ಲಂಡನ್ನಿನ ಪ್ರದರ್ಶನ ನಿಲ್ಲಿಸಿ, ಯುರೋಪಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕರಿಗಾಗಿ ಆಡಲು ಹೊರಟರು. ಅದೇ ಬೇಸಿಗೆಯಲ್ಲಿ ಬ್ರಿಟನ್ನಿನ ಚುನಾವಣೆ ನಡೆಯಿತು. ಜುಲೈ 26ರಂದು ಫಲಿತಾಂಶ ಬಂದಾಗ ಯುದ್ಧ ಗೆಲ್ಲಿಸಿದ ಚರ್ಚಿಲ್ ಸೋತಿದ್ದರು, ಲೇಬರ್ ಪಕ್ಷ 393 ಸ್ಥಾನ ಗೆದ್ದಿತ್ತು. ಲಿರಿಕ್‌ನಲ್ಲಿ ಏಳು ತಿಂಗಳ ಹಿಂದೆ ನಗೆಪಾಟಲಾಗಿದ್ದ ಮೈಕಲ್‌ನ ಮಾತುಗಳನ್ನೇ ದೇಶ ಮತಪೆಟ್ಟಿಗೆಯಲ್ಲಿ ಹೇಳಿತ್ತು. ತಿದ್ದುಪಡಿಯಲ್ಲಿ ಏನು ಕಳೆದುಹೋಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಮೊದಲ ಹಸ್ತಪ್ರತಿಯಲ್ಲಿ ಆ ಹುಡುಗನಿಗೆ ವಾದವಿತ್ತು. ರಂಗಕ್ಕೆ ಬರುವಷ್ಟರಲ್ಲಿ ಅವನಿಗೆ ವಯಸ್ಸು ಮಾತ್ರ ಉಳಿದಿತ್ತು.

ಅಮೆರಿಕಕ್ಕೆ ಹೋಗುವಾಗ ನಾಟಕ ಮೂರನೇ ಹೆಸರು ಪಡೆಯಿತು, ಅದೂ ಷೇಕ್ಸ್‌ಪಿಯರನದೇ. ‘ಟ್ವೆಲ್ತ್ ನೈಟ್’ನ ವಿದೂಷಕ ಹಾಡುವ ಹಾಡಿನ ‘ಓ ಮಿಸ್ಟ್ರೆಸ್ ಮೈನ್’. 1946ರ ಜನವರಿ 23ರಂದು ನ್ಯೂಯಾರ್ಕಿನ ಎಂಪೈರ್ ರಂಗಮಂದಿರದಲ್ಲಿ ಆರಂಭವಾಗಿ 452 ಪ್ರಯೋಗ ನಡೆದದ್ದು ಲಂಟ್ ದಂಪತಿಯ ಬ್ರಾಡ್‌ವೇ ಬದುಕಿನಲ್ಲೇ ಅತಿ ದೀರ್ಘ. ಮೈಕಲ್‌ನ ಪಾತ್ರ ಮಾಡಿದ್ದು ಮುಂದೆ ಟೆಲಿವಿಷನ್ನಿನಲ್ಲಿ ಮನೆಮಾತಾದ ಡಿಕ್ ವ್ಯಾನ್ ಪ್ಯಾಟನ್. ನ್ಯೂಯಾರ್ಕಿನ ಪ್ರೇಕ್ಷಕರಿಗೆ ಲಂಡನ್ನಿನ ಚುನಾವಣೆಯ ಬಿಸಿ ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಪ್ರೇಮ, ಮಾತಿನ ಮಿಂಚು, ಇಬ್ಬರು ಮಹಾನಟರ ಒಡನಾಟ. ಅದು ಬೇಕಾದಷ್ಟು ಸಿಕ್ಕಿತು. ಎರಡು ಮಹಾನಗರಗಳ ಈ ಗೆಲುವಿನ ಹಿಂದೆ ‘ಲೆಸ್ ದ್ಯಾನ್ ಕೈಂಡ್’ ಎಲೆಮರೆಯ ಕಾಯಿಯಾಗಿ ಉಳಿಯಿತು.

ಅದನ್ನು ಮರೆಯಲ್ಲೇ ಇಟ್ಟವರಲ್ಲಿ ರ‍್ಯಾಟಿಗನ್ನರೂ ಒಬ್ಬರು. 1953ರಲ್ಲಿ ತಮ್ಮ ಸಂಕಲಿತ ನಾಟಕಗಳ ಮೊದಲ ಸಂಪುಟಕ್ಕೆ ಅವರು ಸೇರಿಸಿದ್ದು ‘ಲವ್ ಇನ್ ಐಡಲ್‌ನೆಸ್’ ರೂಪವನ್ನೇ. ಅಷ್ಟರಲ್ಲಿ ‘ದ ವಿನ್ಸ್‌ಲೋ ಬಾಯ್’, ‘ದ ಬ್ರೌನಿಂಗ್ ವರ್ಷನ್’, ‘ದ ಡೀಪ್ ಬ್ಲೂ ಸೀ’ ನಾಟಕಗಳಿಂದ ಗಂಭೀರ ಬರಹಗಾರನೆಂಬ ಮನ್ನಣೆ ಸಿಕ್ಕಿತ್ತು. ಹಳೆಯ ಕರಡಿನಿಂದ ಅದನ್ನು ಸಾಬೀತುಪಡಿಸುವ ಅಗತ್ಯ ಅವರಿಗಿರಲಿಲ್ಲ. ಆಮೇಲೆ ಕಾಲವೇ ಅವರಿಗೆ ಮುಖ ತಿರುಗಿಸಿತು. 1956ರ ಮೇ ತಿಂಗಳಲ್ಲಿ ರಾಯಲ್ ಕೋರ್ಟ್‌ನಲ್ಲಿ ಜಾನ್ ಆಸ್ಬಾರ್ನ್‌ರ ‘ಲುಕ್ ಬ್ಯಾಕ್ ಇನ್ ಆ್ಯಂಗರ್’ ಬಂದ ಮೇಲೆ ದಿವಾನಖಾನೆಯ ನಾಟಕಗಳೆಲ್ಲ ಹಳಸಲು ಎಂದಾಯಿತು. ತಾಯಿಯ ಸಿರಿವಂತ ಗೆಳೆಯನ ಮೇಲೆ ಸಮಾಜವಾದದ ಹೆಸರಿನಲ್ಲಿ ಸಿಡಿಯುವ ಕೋಪಿಷ್ಠ ತರುಣನೊಬ್ಬನನ್ನು ರ‍್ಯಾಟಿಗನ್ ಹನ್ನೆರಡು ವರ್ಷ ಮೊದಲೇ ಬರೆದಿದ್ದರು ಎಂಬುದು ಆ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ. ನೆನಪಾಗಲು ಆ ಪುಟಗಳು ಜನರ ಮುಂದೆ ಇರಲೇ ಇಲ್ಲ.

ಹೀಗಾಗಿ ಈ ನಾಟಕ ಸಿಗಬೇಕಾದರೆ ಮೊದಲು ನಾಟಕಕಾರ ಮತ್ತೆ ಸಿಗಬೇಕಿತ್ತು. ಅದು ನಿಧಾನವಾಗಿ ನಡೆಯಿತು. 1993ರಲ್ಲಿ ಆಲ್ಮೇಡಾ ರಂಗಮಂದಿರದಲ್ಲಿ ಕಾರೆಲ್ ರೈಸ್ ನಿರ್ದೇಶಿಸಿದ ‘ದ ಡೀಪ್ ಬ್ಲೂ ಸೀ’, ರ‍್ಯಾಟಿಗನ್ನರ ನಯವಾದ ಮಾತುಗಳ ಅಡಿಯಲ್ಲಿ ಎಷ್ಟು ನೋವಿದೆ ಎಂದು ಹೊಸ ತಲೆಮಾರಿಗೆ ತೋರಿಸಿತು. 2010ರಲ್ಲಿ ನ್ಯಾಷನಲ್ ಥಿಯೇಟರ್, 60 ಪ್ರಯೋಗಗಳಿಗೆ ಸೋತು ಸಂಕಲಿತ ನಾಟಕಗಳಿಂದಲೂ ಹೊರಗುಳಿದಿದ್ದ ‘ಆಫ್ಟರ್ ದ ಡ್ಯಾನ್ಸ್’ ನಾಟಕವನ್ನು ಥಿಯಾ ಷಾರಕ್ ನಿರ್ದೇಶನದಲ್ಲಿ ಮತ್ತೆ ಆಡಿತು. ಬೆನೆಡಿಕ್ಟ್ ಕಂಬರ್‌ಬ್ಯಾಚ್ ಅದರಲ್ಲಿ ಪ್ರಮುಖ ಪಾತ್ರಧಾರಿ. ಬರೆದವರೇ ಕೈಬಿಟ್ಟ ನಾಟಕ ಅವರ ಶ್ರೇಷ್ಠ ಕೃತಿಗಳ ಸಾಲಿಗೆ ಬಂದು ನಿಂತಿತು. ಹಾಗಾದರೆ ಅವರು ಬದಿಗಿಟ್ಟ ಬೇರೆ ಪುಟಗಳಲ್ಲಿ ಇನ್ನೇನಿದೆ ಎಂಬ ಕುತೂಹಲ ಸಹಜವಾಗಿಯೇ ಕೆರಳಿತು.

ಇಂಥದ್ದೊಂದು ಮೊದಲ ರೂಪ ಇತ್ತೆಂಬುದು ರ‍್ಯಾಟಿಗನ್ನರ ಬದುಕನ್ನು ಅಭ್ಯಾಸ ಮಾಡಿದವರಿಗೆ ಹೊಸ ಸುದ್ದಿಯಲ್ಲ. ಕೊರತೆ ಇದ್ದದ್ದು ಅದನ್ನು ನಟರ ಬಾಯಿಗೆ ಕೊಟ್ಟು ಪರೀಕ್ಷಿಸುವ ಧೈರ್ಯಕ್ಕೆ. ಕರಡೆಂದರೆ ಅರೆಬೆಂದದ್ದು, ತಿದ್ದಿದ್ದೇ ಪಕ್ವವಾದದ್ದು ಎಂಬ ನಂಬಿಕೆ ನಮ್ಮೆಲ್ಲರಲ್ಲೂ ಗಟ್ಟಿಯಾಗಿದೆ. ಶತಮಾನೋತ್ಸವದ ವರ್ಷ ಜರ್ಮಿನ್ ಸ್ಟ್ರೀಟ್‌ನ ಪುಟ್ಟ ತಂಡ ಆ ನಂಬಿಕೆಯನ್ನು ಪ್ರಶ್ನಿಸಿತು. ಒಲಿವಿಯಾಳಾಗಿ ಸಾರಾ ಕ್ರೋ, ಸರ್ ಜಾನ್ ಆಗಿ ಮೈಕಲ್ ಸಿಮ್ಕಿನ್ಸ್. ತಾರೆಯರಿಗೆಂದು ಹಿಗ್ಗಿಸಿದ ಪಾತ್ರಗಳು ಅಲ್ಲಿ ಮೊದಲ ಅಳತೆಗೆ ಮರಳಿದವು, ಮೈಕಲ್‌ನ ವಾದ ಅವನಿಗೆ ಮರಳಿ ಸಿಕ್ಕಿತು. ಒಲಿವಿಯಾಳ ಆಯ್ಕೆ ನಿಜವಾಗಿಯೂ ಕಷ್ಟದ್ದಾಯಿತು. ‘ಲವ್ ಇನ್ ಐಡಲ್‌ನೆಸ್’ನಲ್ಲಿ ಅವಳು ಯಾರ ಬಳಿ ಮರಳಬೇಕೆಂದು ಪ್ರೇಕ್ಷಕರು ಮೊದಲೇ ತೀರ್ಮಾನಿಸಿರುತ್ತಾರೆ, ಅಷ್ಟು ಪ್ರೀತಿಪಾತ್ರನಾದ ಸರ್ ಜಾನ್‌ನನ್ನು ಬಿಟ್ಟು ಬರುವುದು ಶುದ್ಧ ತಪ್ಪೆನಿಸುತ್ತದೆ. ಮೊದಲ ರೂಪದಲ್ಲಿ ಹುಡುಗನ ಮಾತಿನಲ್ಲಿ ಸತ್ಯವಿದೆ, ಅವಳ ಪ್ರೇಮದಲ್ಲೂ ಸತ್ಯವಿದೆ, ಎರಡೂ ಸತ್ಯಗಳ ಭಾರ ಆ ಒಬ್ಬಳ ಹೆಗಲ ಮೇಲೆ.

ಅದೇ ವರ್ಷ ನಿಕ್ ಹರ್ನ್ ಬುಕ್ಸ್ ಎರಡೂ ನಾಟಕಗಳನ್ನು ಒಂದೇ ಸಂಪುಟದಲ್ಲಿ ಪ್ರಕಟಿಸಿತು. ಸಂಪಾದಕರು ರ‍್ಯಾಟಿಗನ್ ಕೃತಿಗಳನ್ನು ಆಳವಾಗಿ ಅಭ್ಯಸಿಸಿದ ವಿದ್ವಾಂಸ ಡ್ಯಾನ್ ರೆಬೆಲಾಟೊ. ನನ್ನ ಮಟ್ಟಿಗೆ ಆವಿಷ್ಕಾರದ ಅತಿ ಮುಖ್ಯ ಹೆಜ್ಜೆ ಇದೇ. ಪ್ರದರ್ಶನ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಎರಡು ರೂಪಗಳು ಅಕ್ಕಪಕ್ಕ ಅಚ್ಚಾದರೆ, ಮುಂದಿನ ಯಾವ ನಿರ್ದೇಶಕನೂ ಒಂದನ್ನಷ್ಟೇ ನಾಟಕವೆಂದು ನಂಬಬೇಕಾಗಿಲ್ಲ.

ಅದರ ಫಲ 2017ರಲ್ಲಿ ಕಂಡಿತು. ನಿರ್ದೇಶಕ ಟ್ರೆವರ್ ನನ್ ಎರಡೂ ಪಠ್ಯಗಳನ್ನು ಹೆಣೆದು ಮೂರನೆಯದೊಂದನ್ನು ಕಟ್ಟಿದರು. ಹೆಸರು ‘ಲವ್ ಇನ್ ಐಡಲ್‌ನೆಸ್’ ಎಂದೇ ಉಳಿಯಿತು, ಒಳಗೆ ‘ಲೆಸ್ ದ್ಯಾನ್ ಕೈಂಡ್’ನ ರಾಜಕೀಯ ಮತ್ತೆ ಉಸಿರಾಡಿತು. ಸದರ್ಕ್‌ನ ಹಳೆಯ ಚಾಕೊಲೇಟ್ ಕಾರ್ಖಾನೆಯೊಳಗಿನ ಮೆನಿಯರ್ ರಂಗಮಂದಿರದಲ್ಲಿ ಈವ್ ಬೆಸ್ಟ್ ಒಲಿವಿಯಾಳಾದರು, ಆ್ಯಂಥನಿ ಹೆಡ್ ಸರ್ ಜಾನ್ ಆದರು, ಎಡ್ವರ್ಡ್ ಬ್ಲೂಮೆಲ್ ಮೈಕಲ್ ಆದರು. ದೃಶ್ಯಗಳ ನಡುವೆ ಯುದ್ಧಕಾಲದ ಕಪ್ಪುಬಿಳುಪಿನ ಸುದ್ದಿಚಿತ್ರಗಳು ಪರದೆಯ ಮೇಲೆ ಮೂಡಿ, ದಿವಾನಖಾನೆಯ ಹೊರಗಿನ ಲಂಡನ್ನನ್ನು ಒಳಗೆ ತಂದವು. ಮೇ ತಿಂಗಳಲ್ಲಿ ಪ್ರದರ್ಶನ ಷಾಫ್ಟ್ಸ್‌ಬರಿ ಅವೆನ್ಯೂಗೆ, ‘ಫ್ಲೇರ್ ಪಾತ್’ ಮೊದಲು ತೆರೆಕಂಡ ಅದೇ ಅಪೋಲೋ ರಂಗಮಂದಿರಕ್ಕೆ ದಾಟಿತು.

ಮೂಲವೇ ಶುದ್ಧ, ತಿದ್ದಿದ್ದೆಲ್ಲ ಕಲಬೆರಕೆ ಎನ್ನುವವರಿಗೆ ನನ್ ಮಾಡಿದ್ದು ಹಿಡಿಸದಿರಬಹುದು. ನನಗೆ ಅದು ಸರಿಯಾದ ದಾರಿ ಎನಿಸುತ್ತದೆ. ಲಂಟ್ ದಂಪತಿಯ ಒತ್ತಾಯದಿಂದ ಹುಟ್ಟಿದ ಸರ್ ಜಾನ್‌ನ ಮಾರ್ದವ ರ‍್ಯಾಟಿಗನ್ನರದೇ ಕೈಬರಹ, ಅದನ್ನು ಪರಕೀಯವೆಂದು ಕಿತ್ತೆಸೆಯಲು ಬರುವುದಿಲ್ಲ. ಅದಕ್ಕಾಗಿ ಬಲಿಯಾದ ಮೈಕಲ್‌ನ ಮಾತೂ ಅವರದೇ. ಒಬ್ಬನೇ ಲೇಖಕ ಒಂದೇ ವರ್ಷದಲ್ಲಿ ಒಂದೇ ಕತೆಯನ್ನು ಎರಡು ಮನಸ್ಸಿನಿಂದ ಬರೆದ ಅಪರೂಪದ ದಾಖಲೆ ಇದು. ಯುದ್ಧ ಮುಗಿಯಲಿರುವ ಹೊತ್ತಿನಲ್ಲಿ ಇಂಗ್ಲೆಂಡಿಗೆ ಹಳೆಯ ಸುಖ ಬೇಕೋ ಹೊಸ ನ್ಯಾಯ ಬೇಕೋ ಎಂಬ ತಳಮಳ ಈ ಎರಡು ಪಠ್ಯಗಳ ನಡುವೆ ಇದೆ.

ಯಶಸ್ವಿ ನಾಟಕದ ಅಚ್ಚಾದ ಪ್ರತಿ ನಮ್ಮ ಕೈಗೆ ಬರುವ ಹೊತ್ತಿಗೆ ಅದರಲ್ಲಿ ನಟರ ಬೇಡಿಕೆ, ವ್ಯವಸ್ಥಾಪಕರ ಲೆಕ್ಕ, ಪರವಾನಗಿಯ ಅಂಜಿಕೆ, ಪ್ರೇಕ್ಷಕರ ರುಚಿ ಎಲ್ಲ ಬೆರೆತಿರುತ್ತವೆ. ಅದು ರಂಗಭೂಮಿಯ ಧರ್ಮ, ತಪ್ಪಲ್ಲ. ಆದರೆ ಆ ಬೆರಕೆಯಲ್ಲಿ ಯಾರ ಮಾತು ಕಡಿಮೆಯಾಯಿತು ಎಂದು ಕೇಳುವವರೂ ಬೇಕು. ಬ್ರಿಟಿಷ್ ಲೈಬ್ರರಿಯಲ್ಲಿ ರ‍್ಯಾಟಿಗನ್ನರ ಕಾಗದಪತ್ರಗಳಿವೆ, 1824ರಿಂದ 1968ರವರೆಗೆ ಪರವಾನಗಿಗೆಂದು ಸಲ್ಲಿಸಿದ ನಾಟಕಗಳ ಬೃಹತ್ ಸಂಗ್ರಹವೂ ಇದೆ. ತಾಲೀಮಿಗೆ ಮುಂಚಿನ ನಾಟಕವನ್ನು ಹುಡುಕಲು ಹೊರಟವರಿಗೆ ಅಲ್ಲಿ ಕೆಲಸ ಮುಗಿಯುವುದಿಲ್ಲ. ಈ ಜೋಡಿ ನಾಟಕಗಳನ್ನು ಓದಲು ಕೂರುವವರು ಮೊದಲು ‘ಲೆಸ್ ದ್ಯಾನ್ ಕೈಂಡ್’ ಓದಲಿ, ಆಮೇಲೆ ‘ಲವ್ ಇನ್ ಐಡಲ್‌ನೆಸ್’. ಆ ಕ್ರಮದಲ್ಲಿ ಓದಿದರೆ ಸರ್ ಜಾನ್‌ನ ಪ್ರತಿ ಚತುರೋಕ್ತಿಗೂ ನಾವು ಮನಸಾರೆ ನಗಬಹುದು, ಆ ನಗುವಿಗಾಗಿ ಹದಿನೇಳರ ಹುಡುಗನೊಬ್ಬ ಯಾವ ಮಾತನ್ನು ಬಿಟ್ಟುಕೊಟ್ಟ ಎಂಬುದೂ ನಮಗೆ ಗೊತ್ತಿರುತ್ತದೆ.